ಹೆಣ್ಣುಮಕ್ಕಳ ಚಿತ್ರಪುಸ್ತಕದಲ್ಲಿ ಶರಣೆಯರು

ಎಳೆಯ ಮಗುವಿಗೆ ಮೊದಲು ಒಲಿಯುವುದು ಕಣ್ಣಿನ ಭಾಷೆ. ಅಕ್ಷರವನ್ನು ತಿದ್ದುವುದಕ್ಕೆ ಮುಂಚೆಯೇ ಅದು ಪಟಗಳನ್ನು ಗುರುತಿಸತೊಡಗುತ್ತದೆ. ನಮ್ಮ ಮನೆಗಳ ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ, ಅಕ್ಕಮಹಾದೇವಿಯ, ಮಠದ ಪೂಜ್ಯರ ಪಟಗಳು ತೂಗುತ್ತಿರುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ತಾಯಿಯ ಸೊಂಟದ ಮೇಲೆ ಕುಳಿತ ಕೂಸು ಆ ಪಟದತ್ತ ಬೆರಳು ತೋರಿದಾಗ, 'ಅಪ್ಪ ಬಸವಣ್ಣ, ಕೈಮುಗಿ' ಎಂದು ತಾಯಿ ಹೇಳಿಕೊಡುತ್ತಾಳೆ. ಆ ಕೂಸಿಗೆ ಅದೇ ಮೊದಲನೆಯ ಇತಿಹಾಸಪಾಠ. ಆದರೆ ಗೋಡೆಯ ಪಟವು ಎತ್ತರದಲ್ಲಿರುತ್ತದೆ. ಅದಕ್ಕೆ ಗಾಜಿನ ಹೊದಿಕೆಯಿರುತ್ತದೆ. ಮಗು ಅದನ್ನು ಮುಟ್ಟಲಾಗದು, ಮಗುಚಿ ನೋಡಲಾಗದು, ಮುಂದೇನಾಯಿತೆಂದು ಕೇಳಲಾಗದು. ಚಿತ್ರಪುಸ್ತಕವು ಹಾಗಲ್ಲ. ಅದು ಮಡಿಲಿಗೆ ಬರುತ್ತದೆ. ಒಂದು ಪುಟವಾದ ಮೇಲೆ ಇನ್ನೊಂದು ಪುಟವುಂಟೆಂಬ ಕುತೂಹಲವನ್ನು ಅದು ಹುಟ್ಟಿಸುತ್ತದೆ.

ಹೆಣ್ಣುಮಕ್ಕಳಿಗೆ ಇತಿಹಾಸದ ಮಹಿಮಾವಂತ ಸ್ತ್ರೀಯರನ್ನು ಇಂಥ ಪುಸ್ತಕಗಳ ಮೂಲಕ ಪರಿಚಯ ಮಾಡಿಕೊಡಬೇಕೆಂಬ ವಿಚಾರವು ಈಗ ಲೋಕದಲ್ಲೆಲ್ಲ ಹರಡಿದೆ. ನಮ್ಮ ದೇಶದಲ್ಲಿ 1967ರಲ್ಲಿ ಆರಂಭವಾದ ಅಮರ ಚಿತ್ರ ಕಥೆಯ ಮಾಲೆಯು ರಾಣಿಯರನ್ನೂ ವೀರಮಾತೆಯರನ್ನೂ ಬಣ್ಣದಲ್ಲಿ ಮಕ್ಕಳ ಮುಂದೆ ತಂದಿತು. ಕನ್ನಡದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯವು ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ ಭಾರತ ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ಅಸಂಖ್ಯ ಶಾಲೆಗಳ ಕಪಾಟುಗಳನ್ನು ಸೇರಿದುವು. ಇಟಲಿಯ ಇಬ್ಬರು ಲೇಖಕಿಯರು ಲೋಕದ ನೂರು ಮಂದಿ ಸ್ತ್ರೀಯರ ಕಥೆಗಳನ್ನು ಹೆಣ್ಣುಮಕ್ಕಳು ಮಲಗುವ ಹೊತ್ತಿಗೆ ಓದುವಂತೆ ಬರೆದು 2016ರಲ್ಲಿ ಚಿತ್ರಗಳೊಡನೆ ಪ್ರಕಟಿಸಿದರು. ಆ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಒಳ್ಳೆಯ ಕೆಲಸವೇ ಸರಿ. ಆದರೆ ಶರಣಪರಂಪರೆಯಲ್ಲಿ ಹುಟ್ಟಿದ ನಮಗೆ ಇಲ್ಲಿ ಒಂದು ಪ್ರಶ್ನೆಯುಂಟು. ಅದು ಮುದ್ರಣದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಶರಣೆಯೊಬ್ಬಳನ್ನು ಚಿತ್ರಿಸಿ ಮಗಳ ಕೈಗೆ ಕೊಡುವಾಗ ನಾವು ನಿಜವಾಗಿಯೂ ಕೊಡುವುದೇನು? ಕೈಮುಗಿದು ಬದಿಗಿಡತಕ್ಕ ಇನ್ನೊಂದು ಮೂರ್ತಿಯನ್ನೆ, ಅಥವಾ ಜೊತೆಗೆ ಕುಳಿತು ಮಾತನಾಡತಕ್ಕ ಒಬ್ಬ ಅಕ್ಕನನ್ನೆ? ಎರಡನೆಯದಾದರೆ, ಆ ಅಕ್ಕ ನಮ್ಮ ಮನೆಯೊಳಗೆ ಬಂದು ಆಡುವ ಮಾತಿಗೆ ನಾವು ಸಿದ್ಧರಿದ್ದೇವೆಯೆ?

ಮೊದಲು ಒಂದು ಮಾತನ್ನು ನೆನಪಿಸಿಕೊಳ್ಳೋಣ. ನಮ್ಮ ಸಂಪ್ರದಾಯದಲ್ಲಿ ಲಿಂಗಧಾರಣೆಗೆ ಗಂಡುಮಗು ಹೆಣ್ಣುಮಗುವೆಂಬ ಭೇದವಿಲ್ಲ. ಎಂಟು ವರ್ಷದ ಗಂಡು ಹುಡುಗನಿಗೆ ಮಾತ್ರ ಸಂಸ್ಕಾರ, ಹುಡುಗಿಗೆ ಮದುವೆಯೇ ಸಂಸ್ಕಾರ ಎಂಬ ಏರ್ಪಾಟನ್ನು ಶರಣರು ಒಪ್ಪಲಿಲ್ಲ. ಬಾಲಕ ಬಸವಣ್ಣನವರು ಜನಿವಾರವನ್ನು ನಿರಾಕರಿಸಿದಾಗ, ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೇಕೆಂದು ಕೇಳಿದರೆಂಬುದು ಮನೆಮನೆಯಲ್ಲಿ ಹೇಳಿಕೊಂಡು ಬಂದ ಪ್ರತೀತಿ. ಪ್ರತೀತಿಯನ್ನು ಇತಿಹಾಸವೆಂದು ಸಾಧಿಸಹೊರಡುವುದು ಬೇಡ. ಆದರೆ ಒಂದು ಜನಾಂಗವು ತನ್ನ ಮೂಲಪುರುಷನ ಬಾಯಲ್ಲಿ ಯಾವ ಪ್ರಶ್ನೆಯನ್ನಿಟ್ಟು ಆನಂದಿಸುತ್ತದೆಯೋ, ಅದರಿಂದ ಅದರ ಅಂತರಂಗ ತಿಳಿಯುತ್ತದೆ. ಹೀಗಿರಲಾಗಿ, ನಮ್ಮ ಮನೆಯ ಹೆಣ್ಣುಮಗು ಶರಣೆಯರ ಪುಸ್ತಕವನ್ನು ಹೊರಗಿನವಳಾಗಿ ನಿಂತು ಓದುವುದಿಲ್ಲ. ಆ ತಾಯಂದಿರು ಕಟ್ಟಿಕೊಂಡ ಲಿಂಗವನ್ನೇ ಆಕೆಯೂ ಕಟ್ಟಿಕೊಂಡಿದ್ದಾಳೆ. ತನಗಿಂತ ಮುಂಚೆ ಇದನ್ನು ಧರಿಸಿದವರು ಯಾರು, ಧರಿಸಿ ಏನು ಮಾಡಿದರು ಎಂಬುದನ್ನು ತಿಳಿಯುವ ಹಕ್ಕು ಆಕೆಗಿದೆ.

ಆದರೆ ತಿಳಿದಿರುವುದೆಷ್ಟು? ಯಾವುದಾದರೊಂದು ಊರಿನ ಹತ್ತು ವರ್ಷದ ಬಾಲಕಿಯನ್ನು ಕರೆದು ಶರಣೆಯರ ಹೆಸರು ಹೇಳೆನ್ನಿ. ಅಕ್ಕಮಹಾದೇವಿ ಎನ್ನುತ್ತಾಳೆ. ಇನ್ನೊಂದು ಹೆಸರಿಗೆ ತಡವರಿಸುತ್ತಾಳೆ. ತಪ್ಪು ಆಕೆಯದಲ್ಲ. 12ನೆಯ ಶತಮಾನದ ಆ ಒಂದು ಕಾಲಘಟ್ಟದಲ್ಲಿ ವಚನಗಳನ್ನು ರಚಿಸಿದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ ನಮಗೆ ಹೆಸರಿನಿಂದ ತಿಳಿದಿದ್ದಾರೆ. ಇಷ್ಟೊಂದು ಮಂದಿ ಸ್ತ್ರೀಯರು, ಅದರಲ್ಲಿಯೂ ದುಡಿಯುವ ಮನೆತನಗಳ ಸ್ತ್ರೀಯರು, ತಮ್ಮ ಅನುಭಾವವನ್ನು ತಮ್ಮದೇ ಅಂಕಿತವಿಟ್ಟು ಹೇಳಿದ ನಿದರ್ಶನ ಆ ಕಾಲದ ಲೋಕದಲ್ಲಿ ವಿರಳ. ಓಲೆಗರಿಗಳಲ್ಲಿ ಚದುರಿಹೋಗಿದ್ದ ಆ ವಚನಗಳನ್ನು ಊರೂರು ಸುತ್ತಿ ಕೂಡಿಹಾಕಿದವರು ಫ. ಗು. ಹಳಕಟ್ಟಿಯವರು (1880–1964). ಅವರ ವಚನಶಾಸ್ತ್ರಸಾರವು 1923ರಲ್ಲಿ ಅಚ್ಚಾಯಿತು. 1926ರಿಂದ ಅವರ ಶಿವಾನುಭವ ಪತ್ರಿಕೆ ಹೊರಬಂದಿತು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದಾಗ ಶಿವಶರಣೆಯರ ವಚನಗಳಿಗೆಂದೇ ಒಂದು ಸಂಪುಟವನ್ನು ಮೀಸಲಿರಿಸಿತು. ವಿದ್ವಾಂಸರು ಮಾಡಬೇಕಾದ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದಾರೆ. ಆ ದಪ್ಪ ಸಂಪುಟದಿಂದ ಮಗುವಿನ ಮಡಿಲಿಗೆ ಇರುವ ಮೂರು ಗೇಣಿನ ದೂರವನ್ನು ದಾಟಿಸತಕ್ಕವರು ನಾವು.

ದಾಟಿಸುವಾಗ ಏನಾಗುತ್ತದೆಯೆಂಬುದನ್ನು ನೋಡಬೇಕು. ಜಾತ್ರೆಯ ಅಂಗಡಿಗಳಲ್ಲಿ, ಪುಸ್ತಕದ ಮಳಿಗೆಗಳಲ್ಲಿ ಇಂಥ ಪುಸ್ತಕಗಳನ್ನು ತಿರುವಿದಾಗ ಮನಸ್ಸಿಗೆ ನಾಟುವ ಒಂದು ಸಂಗತಿಯೆಂದರೆ, ಶರಣೆಯರೆಲ್ಲರಿಗೂ ಒಂದೇ ಮುಖ. ಕೆನ್ನೆಗೆಂಪಿನ ಬಿಳಿಯ ಮೈಬಣ್ಣ, ನೀಳವಾದ ಕಣ್ಣು, ತಲೆಯ ಹಿಂದೆ ಪ್ರಭಾವಳಿ, ಅರಳಿದ ಅಂಗೈಯಲ್ಲಿ ಲಿಂಗ. ಕೆಳಗಿನ ಹೆಸರನ್ನು ಮುಚ್ಚಿದರೆ ಇವಳು ನೀಲಾಂಬಿಕೆಯೊ ಲಕ್ಕಮ್ಮನೊ ಹೇಳಲಾಗದು. ಚಿತ್ರಕಾರನ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಬಿಸಿಲಿನಲ್ಲಿ ದುಡಿದ ಈ ತಾಯಂದಿರ ಮೈಯಿಂದ ಬಿಸಿಲನ್ನೇ ಒರೆಸಿಹಾಕಿದ ಮೇಲೆ ಉಳಿಯುವುದೇನು? ಕದಿರ ರೆಮ್ಮವ್ವೆಯ ಹೆಸರಿನೊಳಗೇ ನೂಲುವ ಕದಿರಿದೆ. ತಾನು ತಿರುಗಿಸುತ್ತಿದ್ದ ರಾಟೆಯ ಒಂದೊಂದು ಅಂಗದಲ್ಲಿಯೂ ಆಕೆ ತತ್ತ್ವವನ್ನು ಕಂಡಳು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು. ಸತ್ಯಕ್ಕ ಶರಣರ ಮನೆಯಂಗಳವನ್ನು ಗುಡಿಸುವ ಕಾಯಕದವಳು. ಬೀದಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯೆತ್ತಿ ಮುಟ್ಟೆನೆಂದು ಶಿವನ ಮೇಲೆ ಆಣೆಯಿಟ್ಟವಳು. ಪೊರಕೆ ಹಿಡಿದು ಬಗ್ಗಿದ ಸ್ತ್ರೀ, ಆಕೆಯ ಕಾಲಬಳಿ ಧೂಳಿನಲ್ಲಿ ಹೊಳೆಯುವ ಒಂದು ನಾಣ್ಯ, ಅದರತ್ತ ಚಾಚದ ಕೈ—ಇದಕ್ಕಿಂತ ಒಳ್ಳೆಯ ಚಿತ್ರ ಮಕ್ಕಳ ಪುಸ್ತಕಕ್ಕೆ ಬೇರೆ ಬೇಕೆ? ಐದು ವರ್ಷದ ಮಗುವಿಗೂ ಅದು ಅರ್ಥವಾಗುತ್ತದೆ. ಪ್ರಭಾವಳಿಯ ಅಗತ್ಯ ಅಲ್ಲಿಲ್ಲ. ಪೊರಕೆಯನ್ನು ತೆಗೆದು ಕೈಗೆ ತಾವರೆಯನ್ನು ಕೊಟ್ಟೆವೆಂದರೆ, ಕಾಯಕವನ್ನು ಕುರಿತು ನಾವು ವೇದಿಕೆಯಿಂದ ಆಡುವ ಮಾತೆಲ್ಲ ಆ ಒಂದು ಗೆರೆಯಿಂದ ಸುಳ್ಳಾಗುತ್ತದೆ. ಮನೆಯಂಗಳವನ್ನು ದಿನವೂ ಗುಡಿಸುವ ತಾಯಿಯ ಮಗಳು ತಾವರೆ ಹಿಡಿದವಳಲ್ಲಿ ದೇವತೆಯನ್ನು ಕಾಣುತ್ತಾಳೆ; ಪೊರಕೆ ಹಿಡಿದವಳಲ್ಲಿ ತನ್ನ ತಾಯಿಯನ್ನು ಕಾಣುತ್ತಾಳೆ.

ರಾಣಿಯರ ಮಾತು ಇದಕ್ಕೆ ಸೇರಿದ್ದೇ. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಇವರು ನಮ್ಮ ನಾಡಿನ ಹೆಮ್ಮೆ. ಪುಸ್ತಕ ಮಾಡುವವರಿಗೂ ಇವರೆಂದರೆ ಅನುಕೂಲ. ಕುದುರೆ, ಖಡ್ಗ, ಕೋಟೆ ಇದ್ದಲ್ಲಿ ಚಿತ್ರ ತಾನಾಗಿಯೇ ಕಳೆಗಟ್ಟುತ್ತದೆ. ಆದರೆ ಖಡ್ಗವನ್ನು ಬರೆಯುವುದು ಸುಲಭ, ಖಡ್ಗ ಹಿಡಿದ ಕಾರಣವನ್ನು ಬರೆಯುವುದು ಕಷ್ಟ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಕೆಳದಿಯ ಚೆನ್ನಮ್ಮಾಜಿ ಆತನಿಗೆ ಆಶ್ರಯವಿತ್ತಳು. ದೆಹಲಿಯ ಕೋಪ ತನ್ನ ಸಣ್ಣ ರಾಜ್ಯದ ಮೇಲೆ ಎರಗುವುದೆಂದು ತಿಳಿದೇ ಇತ್ತಳು. ಬಳಿಕ ನಡೆದ ಯುದ್ಧವು ಆ ಅಭಯದ ಫಲ. ಮಗುವಿಗೆ ಮೊದಲು ಕಾಣಬೇಕಾದುದು ರಣರಂಗವಲ್ಲ, ತೆರೆದ ಆ ಬಾಗಿಲು. ಕಿತ್ತೂರಿನ ವಿಷಯವೂ ಹಾಗೆಯೇ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಬಿದ್ದುದನ್ನು ಎಲ್ಲ ಪುಸ್ತಕಗಳೂ ಚಿತ್ರಿಸುತ್ತವೆ. ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳನ್ನು ರಾಣಿಯು ಎದುರಾಳಿಯ ಮಾತನ್ನು ನಂಬಿ ಬಿಟ್ಟುಕೊಟ್ಟಳೆಂಬುದು ಎಷ್ಟೋ ಬಾರಿ ಅಂಚಿಗೆ ಸರಿಯುತ್ತದೆ. ಮಾತು ತಪ್ಪಿದವರು ಯಾರೆಂಬುದನ್ನು ಚರಿತ್ರೆ ಬಲ್ಲದು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಳು. ರಾಣಿಯರ ಕಥೆಯನ್ನು ಬೇಡವೆನ್ನುವುದಿಲ್ಲ, ಅವರಷ್ಟೇ ಸಾಲದೆನ್ನುತ್ತೇನೆ. ಒಕ್ಕಲುತನದ ಮನೆಯ ಹುಡುಗಿಗೆ ಕೋಟೆ ಕಾಯುವ ಪ್ರಸಂಗ ಬರಲಾರದು. ಆದರೆ ಮನೆಗೆ ಬಂದ ಅಕ್ಕಿ ನ್ಯಾಯದ್ದೊ ಅಲ್ಲವೊ ಎಂದು ಕೇಳುವ ಪ್ರಸಂಗ ಆಕೆಯ ಬಾಳಿನಲ್ಲಿ ಬಂದೇ ಬರುತ್ತದೆ.

ಅಕ್ಕಿಯ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಮುಂದೆ ಹೋಗಲಾಗದು. ಕಥೆ ಸಣ್ಣದು, ಎಲ್ಲರೂ ಕೇಳಿದ್ದು. ಲಕ್ಕಮ್ಮ ಮತ್ತು ಆಕೆಯ ಗಂಡ ಮಾರಯ್ಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ದಾಸೋಹ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಳಕ್ಕೆ ಒಯ್ಯಲಿಲ್ಲ. ಇದು ನಮ್ಮ ಎಂದಿನ ಅಳತೆಯಲ್ಲ, ಇದರಲ್ಲಿ ಆಸೆ ಬೆರೆತಿದೆ, ತಂದಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯನು ಮರುಮಾತಾಡದೆ ತಿರುಗಿ ಹೋದನು. ಇನ್ನೊಮ್ಮೆ ಆತ ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳೂ ಆಕೆಯೇ.

ಈ ಪ್ರಸಂಗವನ್ನು ಮಕ್ಕಳಿಗಾಗಿ ಬರೆದವರು ಹಲವರು. ಕೆಲವರ ಕೈಯಲ್ಲಿ ಅದು ದಂಪತಿಗಳ ಅನ್ಯೋನ್ಯತೆಯ ಕಥೆಯಾಗುತ್ತದೆ. ಇಬ್ಬರೂ ಕೂಡಿ ಆಲೋಚಿಸಿ ಅಕ್ಕಿಯನ್ನು ಹಿಂದಿರುಗಿಸಿದರೆಂದು ಬರೆದುಬಿಡುತ್ತಾರೆ. ಗಂಡನಿಗೆ ಹೆಂಡತಿ ಬುದ್ಧಿ ಹೇಳಿದಳೆಂದರೆ ಮಕ್ಕಳ ಮನಸ್ಸಿನಲ್ಲಿ ಗೌರವ ಕೆಡುವುದೆಂಬ ಭಯವಿರಬೇಕು. ಭಯ ಪ್ರಾಮಾಣಿಕವಾಗಿರಬಹುದು, ಆದರೆ ಹಾಗೆ ಮಾಡಿದೊಡನೆ ಕಥೆಯ ಜೀವವೇ ಹೋಗುತ್ತದೆ. ಲಕ್ಕಮ್ಮ ದೊಡ್ಡವಳಾದದ್ದು ಆ ಬೇಡವೆಂಬ ಮಾತಿನಿಂದ. ಮಾರಯ್ಯ ದೊಡ್ಡವನಾದದ್ದು ಆ ಮಾತನ್ನು ಕೇಳಿ ತಿರುಗಿ ನಡೆದುದರಿಂದ. ಒಬ್ಬರ ಹಿರಿಮೆ ಇನ್ನೊಬ್ಬರದನ್ನು ಕುಗ್ಗಿಸಲಿಲ್ಲ. ಹೆಂಡತಿಯ ಬಾಯನ್ನು ಮುಚ್ಚಿ ಗಂಡನ ಗೌರವವನ್ನು ಉಳಿಸುವ ದುರವಸ್ಥೆ ಆ ಗುಡಿಸಲಿಗೆ ಬಂದಿರಲಿಲ್ಲ. ಚಿತ್ರದಲ್ಲಿಯೂ ಹಾಗೆಯೇ ಬರಬೇಕು: ಹೊಸ್ತಿಲಲ್ಲಿ ನಿಂತ ಹೆಂಗಸು, ಎದುರಿಗೆ ತುಂಬಿದ ಚೀಲ ಹೊತ್ತ ಗಂಡಸು, ಆಕೆಯ ಕೈ ಅಂಗಳದ ಕಡೆಗೆ ತೋರುತ್ತಿರಬೇಕು.

ಈಗ ಗೃಹಸ್ಥರಾದ ನಾವು ಈ ಚಿತ್ರವನ್ನು ಮಗಳ ಕೈಯಲ್ಲಿಟ್ಟೆವೆನ್ನೋಣ. ಆಕೆ ಜಾಣೆ. ಎರಡು ಸಲ ಓದಿದ ಮೇಲೆ ಸುಮ್ಮನಿರುವುದಿಲ್ಲ. ಅಪ್ಪ ಅಂಗಡಿಯಲ್ಲಿ ತೂಗುವ ತಕ್ಕಡಿಯನ್ನು ನೋಡುತ್ತಾಳೆ. ಕಚೇರಿಯಿಂದ ಬರುವಾಗ ಅಪ್ಪನ ಕೈಯಲ್ಲಿರುವ, ಸಂಬಳದಲ್ಲಿ ಸೇರದ ಉಡುಗೊರೆಯನ್ನು ನೋಡುತ್ತಾಳೆ. ಅಣ್ಣನ ಮದುವೆಯ ಮಾತುಕತೆಯಲ್ಲಿ ಬೀಗರ ಮನೆಯಿಂದ ಬರಬೇಕಾದ ಬಂಗಾರದ ತೂಕವನ್ನು ಹಿರಿಯರು ಚರ್ಚಿಸುವಾಗ ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ವರದಕ್ಷಿಣೆಯನ್ನು ಕಾಯಿದೆಯು ನಿಷೇಧಿಸಿದ್ದು 1961ರಲ್ಲಿ. ಎಂಟು ನೂರು ವರ್ಷಗಳ ಹಿಂದೆಯೇ ಒಬ್ಬ ಬಡ ಶರಣೆ ನಿಷೇಧಿಸಿದ್ದು ಅಳತೆ ಮೀರಿದುದನ್ನೆಲ್ಲ. 'ಅಪ್ಪಾಜಿ, ಇದು ನಮ್ಮ ಎಂದಿನ ಅಕ್ಕಿಯೇನು?' ಎಂದು ಹುಡುಗಿ ಕೇಳಿದರೆ ನಾವು ಏನೆನ್ನುವೆವು? ಇಂಥ ಮಾತು ದೊಡ್ಡವರಿಗೆ ಸಂಬಂಧಿಸಿದ್ದು, ನೀನು ಒಳಗೆ ನಡೆ ಎಂದರೆ, ಆ ಕ್ಷಣದಲ್ಲಿ ಆಕೆಗೆ ಪುಸ್ತಕದ ಮೇಲೆ ನಂಬಿಕೆ ಹೋಗುತ್ತದೆ. ಅಥವಾ ನಮ್ಮ ಮೇಲೆ ಹೋಗುತ್ತದೆ. ಶರಣೆಯರು ಗೋಡೆಗೆ ಮಾತ್ರ, ಮನೆಗಲ್ಲ ಎಂದು ಆಕೆ ಅರಿತುಕೊಳ್ಳುತ್ತಾಳೆ. ಪುಸ್ತಕ ಕೊಡದೆ ಇದ್ದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ಆದುದರಿಂದಲೇ ಇದನ್ನು ಧರ್ಮದ ಪ್ರಶ್ನೆಯೆಂದದ್ದು. ಮಗಳಿಗೆ ಲಕ್ಕಮ್ಮನನ್ನು ಕೊಡುವ ತಂದೆಯು ತಾನು ಮಾರಯ್ಯನಾಗಲು ಒಪ್ಪಿರಬೇಕು.

ಹಿರಿಯರಲ್ಲಿ ಕೆಲವರು ಇಲ್ಲಿ ಆಕ್ಷೇಪವೆತ್ತುವುದುಂಟು. ಅದು ಹೆಚ್ಚಾಗಿ ಅಕ್ಕಮಹಾದೇವಿಯ ವಿಷಯಕ್ಕೆ. ಲಕ್ಕಮ್ಮನಾದರೆ ಸಂಸಾರಸ್ಥೆ, ಸರಿ. ಗಂಡನನ್ನು ತೊರೆದು, ಉಟ್ಟುದನ್ನು ಬಿಸುಟು, ಒಬ್ಬಳೇ ಕಾಡುಮೇಡುಗಳನ್ನು ದಾಟಿ ನಡೆದವಳ ಕಥೆಯನ್ನು ಎಳೆಯ ಹೆಣ್ಣುಮಕ್ಕಳಿಗೆ ವಿಸ್ತರಿಸಿ ಹೇಳಿದರೆ ಅವರು ಅದನ್ನೇ ಅನುಕರಿಸಹೊರಟಾರು ಎಂಬುದು ಅವರ ಶಂಕೆ. ಈ ಶಂಕೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಹೆಣ್ಣುಮಕ್ಕಳ ಕ್ಷೇಮವನ್ನು ಬಯಸುವವರ ಬಾಯಿಂದ ಬಂದ ಮಾತು ಅದು. ಇದಕ್ಕೆ ಅನೇಕ ಪುಸ್ತಕಗಳು ಕಂಡುಕೊಂಡ ಉಪಾಯವೆಂದರೆ, ಉಡುತಡಿಯಲ್ಲಿ ಹುಟ್ಟಿದಳು, ಬಾಲ್ಯದಲ್ಲಿಯೇ ಶಿವಭಕ್ತೆಯಾದಳು ಎಂದು ಎರಡು ಪುಟ ಬರೆದು, ಮೂರನೆಯ ಪುಟದಲ್ಲಿ ಅಕ್ಕನನ್ನು ಕಲ್ಯಾಣದಲ್ಲಿ ಇಳಿಸಿಬಿಡುವುದು. ಅರಸನ ಹೆಸರೇ ಇಲ್ಲ. ಓದುವ ಮಗುವಿಗೆ ಈಕೆ ಮನೆ ಬಿಟ್ಟದ್ದೇಕೆಂದು ತಿಳಿಯುವುದಿಲ್ಲ. ಕಾರಣವಿಲ್ಲದೆ ಮನೆ ಬಿಟ್ಟವಳಾಗಿ ಅಕ್ಕ ಉಳಿಯುತ್ತಾಳೆ. ಹಿರಿಯರು ಯಾವುದಕ್ಕೆ ಅಂಜಿದರೋ ಅದೇ ಆಯಿತಲ್ಲವೆ?

ಹರಿಹರನು ತನ್ನ ರಗಳೆಯಲ್ಲಿ ಹೇಳುವ ಕಥೆಯನ್ನೇ ನೋಡಿ. ಕೌಶಿಕನು ಅರಸ, ಭವಿ. ಆತನ ಕಣ್ಣು ಮಹಾದೇವಿಯ ಮೇಲೆ ಬಿದ್ದಿತು. ತಂದೆತಾಯಿಗಳ ಮೇಲೆ ಅಧಿಕಾರದ ಒತ್ತಡ ಬಂದಿತು. ಆಗ ಆಕೆ ಅವರ ಸಂಕಟವನ್ನು ನೋಡಲಾರದೆ ಒಪ್ಪಿದಳು; ಆದರೆ ಕಟ್ಟಳೆಗಳನ್ನಿಟ್ಟು ಒಪ್ಪಿದಳು. ಲಿಂಗಪೂಜೆಗೆ, ಶರಣಸಂಗಕ್ಕೆ, ಗುರುಭಕ್ತಿಗೆ ಅಡ್ಡಿ ಬರಬಾರದು. ಮೂರು ತಪ್ಪುಗಳವರೆಗೆ ಮನ್ನಿಸುವೆನು, ಅನಂತರ ಇರುವವಳಲ್ಲ. ಅರಸನು ಒಪ್ಪಿ ಬಳಿಕ ಮುರಿದನು, ಒಂದಲ್ಲ ಮೂರು ಸಲ. ಆಕೆ ಆತನು ಕೊಟ್ಟುದನ್ನೆಲ್ಲ ಆತನಿಗೇ ಬಿಟ್ಟು ಹೊರಟಳು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಕಥೆಯ ನಡೆ ಬೇರೆ. ವಿವಾಹವಾಯಿತೆ ಇಲ್ಲವೆ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ಅದು ಹಾಗಿರಲಿ. ಇದರಲ್ಲಿ ಚಪಲತೆ ಎಲ್ಲಿದೆ? ಮಾತು ಕೊಟ್ಟಳು, ಕೊಟ್ಟ ಮಾತಿನ ಎಲ್ಲೆಯನ್ನು ಮೊದಲೇ ತಿಳಿಸಿದಳು, ಎದುರಿನವನು ತಪ್ಪಿದಾಗ ಮತ್ತೆ ಮತ್ತೆ ತಾಳಿಕೊಂಡಳು, ಕಡೆಗೆ ಆಡಿದಂತೆಯೇ ನಡೆದಳು. ಬಲಾತ್ಕಾರಕ್ಕೆ ಒಳಗಾಗದೆ, ಆದರೆ ತನ್ನ ಮಾತಿನ ಋಣವನ್ನು ಪೂರ್ತಿಯಾಗಿ ತೀರಿಸಿ ಹೊರಟವಳ ಕಥೆ ಇದು. ಮಗಳ ಮದುವೆಯನ್ನು ಅವಳ ಮಾತು ಕೇಳದೆ ಗೊತ್ತುಪಡಿಸುವ ಮನೆಯಲ್ಲಿ ಈ ಕಥೆ ಇರುಸುಮುರುಸನ್ನುಂಟುಮಾಡೀತು; ಅದು ಕಥೆಯ ದೋಷವಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧವೇ ಆಗಿದ್ದರೂ, ಗುಟ್ಟಾಗಿ ಹಂದರ ಹಾಕುವವರು ಇನ್ನೂ ಇದ್ದಾರೆ. ಆ ಹಂದರದಡಿಯಲ್ಲಿ ಕುಳಿತ ಹುಡುಗಿಗೆ, ತಾನು ಒಂದು ಷರತ್ತನ್ನಾದರೂ ಹೇಳಬಹುದೆಂದು ಯಾರು ಕಲಿಸಿದ್ದಾರೆ?

ಅಕ್ಕನ ಕಥೆ ಅಲ್ಲಿಗೆ ಮುಗಿಯುವುದಿಲ್ಲವೆಂಬುದನ್ನು ಹಿರಿಯರು ಮರೆಯಬಾರದು. ಕಲ್ಯಾಣದಲ್ಲಿ ಆಕೆಯನ್ನು ಹೂಮಾಲೆಯಿಂದ ಎದುರುಗೊಳ್ಳಲಿಲ್ಲ, ಪ್ರಶ್ನೆಗಳಿಂದ ಎದುರುಗೊಂಡರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಕೇಳುವ ಪ್ರಶ್ನೆಗಳು ನಯವಾದವುಗಳಲ್ಲ. ನಿನ್ನ ಗಂಡನಾರು, ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂಬಲ್ಲಿಯವರೆಗೂ ಹೋಗುತ್ತಾರೆ. ಅಕ್ಕ ಕೋಪಗೊಳ್ಳಲಿಲ್ಲ, ಅಳಲಿಲ್ಲ, ಎದ್ದುಹೋಗಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟಳು. ಆ ಉತ್ತರಗಳ ಬಲದಿಂದಲೇ, ವಯಸ್ಸಿನಲ್ಲಿ ಕಿರಿಯಳಾಗಿದ್ದರೂ, ಎಲ್ಲರಿಗೂ ಅಕ್ಕನಾದಳು. ಮನೆ ಬಿಡುವುದು ಯಾರಿಗೂ ಸಾಧ್ಯ. ಬಿಟ್ಟ ಕಾರಣವನ್ನು ಅನುಭವಮಂಟಪದ ನಡುವೆ ನಿಂತು ಸಮರ್ಥಿಸುವುದು ನಿಷ್ಠೆಯುಳ್ಳವರಿಗೆ ಮಾತ್ರ ಸಾಧ್ಯ. ಈ ಎರಡನೆಯ ಭಾಗವನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ಹಿರಿಯರ ಶಂಕೆಗೆ ಆಸ್ಪದವಿದೆ. ಎರಡನ್ನೂ ಮುಚ್ಚಿದರೆ ಅಕ್ಕನೇ ಇಲ್ಲ.

ಚಿತ್ರದ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ. ಅಕ್ಕನಿಗೆ ಬಿಳಿಯ ಸೀರೆಯುಡಿಸುವ ರೂಢಿ ಪಟಗಳಲ್ಲಿ, ವಿಗ್ರಹಗಳಲ್ಲಿ ಬೆಳೆದುಬಂದಿದೆ. ಮರ್ಯಾದೆಗಾಗಿ ಮಾಡಿದ್ದೆಂದು ಬಲ್ಲೆ. ಆದರೆ ಹಳೆಯ ಚಿತ್ರಕಾರರು ಮೈತುಂಬ ಇಳಿಬಿಟ್ಟ ಕೇಶರಾಶಿಯನ್ನು ಬರೆದು ಮರ್ಯಾದೆಯನ್ನೂ ಸತ್ಯವನ್ನೂ ಒಟ್ಟಿಗೆ ಉಳಿಸಿಕೊಂಡಿದ್ದರು. ಅದೇ ಉತ್ತಮವೆಂದು ನನ್ನ ಅಭಿಪ್ರಾಯ. ಆರು ವರ್ಷದ ಮಗುವಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಅರಸನ ಒಡವೆವಸ್ತ್ರಗಳನ್ನೆಲ್ಲ ಅರಸನಿಗೇ ಬಿಟ್ಟು ಬಂದಳೆಂದರೆ ಆ ಮಗುವಿಗೆ ಸಾಕು. ಮಗು ಅದನ್ನು ನಮಗಿಂತ ಸಹಜವಾಗಿ ಸ್ವೀಕರಿಸುತ್ತದೆ. ಹನ್ನೆರಡು ವರ್ಷದವಳಿಗೆ ಇನ್ನಷ್ಟು ಹೇಳಬಹುದು, ಹದಿನಾರರವಳು ತಾನೇ ವಚನಗಳನ್ನು ಓದಿಕೊಳ್ಳಲಿ. ಕಡಿಮೆ ಹೇಳುವುದು ಬೇರೆ, ತಪ್ಪು ಹೇಳುವುದು ಬೇರೆ. ಮೊದಲನೆಯದು ಮಗುವಿನ ಮೇಲಿನ ಕರುಣೆ. ಎರಡನೆಯದಾದರೋ, ಮಗು ಬೆಳೆದ ಮೇಲೆ ನಮ್ಮನ್ನು ನಂಬದಂತೆ ಮಾಡುತ್ತದೆ. ಇದೇ ನಿಯಮ ಸಂಕವ್ವೆಯ ವಿಷಯಕ್ಕೂ ಸಲ್ಲುತ್ತದೆ. ಆಕೆಯ ಪೂರ್ವಾಶ್ರಮದ ವೃತ್ತಿಯನ್ನು ಚಿಕ್ಕ ಮಕ್ಕಳಿಗೆ ವಿವರಿಸುವುದು ಅನಾವಶ್ಯಕ. ಆದರೆ ಶರಣೆಯರ ಸಾಲಿನಿಂದ ಆಕೆಯನ್ನು ಬಿಟ್ಟುಬಿಡುವುದು ಅನ್ಯಾಯ. ನಮಗೆ ದೊರೆತಿರುವ ಒಂದೇ ವಚನದೊಡನೆ ಆಕೆ ಆ ಸಾಲಿನಲ್ಲಿ ನಿಂತಿದ್ದಾಳೆ. ಶರಣರು ಬಿಡದವಳನ್ನು ಬಿಡಲು ನಾವಾರು?

ಇನ್ನೊಂದು ಸೂಕ್ಷ್ಮವಾದ ವಿಷಯ. ಲಿಂಗವಂತರಿಗೆ ಪಂಚಸೂತಕಗಳಿಲ್ಲವೆಂಬುದು ನಮ್ಮ ಆಚಾರಗ್ರಂಥಗಳಲ್ಲಿ ಸ್ಪಷ್ಟ. ಜಾತಿ, ಜನನ, ಪ್ರೇತ, ರಜ, ಉಚ್ಛಿಷ್ಟ ಈ ಐದರಲ್ಲಿ ರಜಸ್ಸೂತಕವೂ ಒಂದು. ಶರಣೆಯರ ಪುಸ್ತಕವನ್ನು ಓದಿ ಬೆಳೆದ ಹುಡುಗಿ ಮೈನೆರೆದಾಗ ನಾಲ್ಕು ದಿನ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಲಿಂಗಪೂಜೆಗೆ ತಡೆ ಎಂದರೆ, ಆಕೆ ಯಾರನ್ನು ನಂಬಬೇಕು? ಕೊರಳಲ್ಲಿ ಲಿಂಗವಿರುವವಳಿಗೆ ಮೈಲಿಗೆಯಿಲ್ಲವೆಂದ ಧರ್ಮವನ್ನೆ, ಅಥವಾ ಅದೇ ಧರ್ಮದ ಹೆಸರಿನಲ್ಲಿ ಮೂಲೆಗೆ ಕೂರಿಸಿದ ಮನೆಯನ್ನೆ? ಎಷ್ಟೋ ಮನೆಗಳಲ್ಲಿ ಈ ಆಚರಣೆ ಅಳಿದಿದೆ. ಎಷ್ಟೋ ಮನೆಗಳಲ್ಲಿ, ವಚನವನ್ನು ಕಂಠಪಾಠ ಹೇಳುವ ಮನೆಗಳಲ್ಲಿಯೂ, ಉಳಿದಿದೆ. ತಾಯಂದಿರು, ಅಜ್ಜಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಪುರುಷರ ಉಪದೇಶದಿಂದ ಅಳಿಯತಕ್ಕದ್ದಲ್ಲ; ಅಡಿಗೆಮನೆಯಲ್ಲಿ ಅಳಿಯಬೇಕು.

ಪುಸ್ತಕ ಮಾಡುವವರು ಮುಕ್ತಾಯಕ್ಕನನ್ನೂ ಮೋಳಿಗೆಯ ಮಹಾದೇವಿಯನ್ನೂ ಕೈಬಿಡುವುದು ಹೆಚ್ಚು. ಇವರ ಬಾಳಿನಲ್ಲಿ ಕಣ್ಣಿಗೆ ಕಟ್ಟುವ ಘಟನೆ ಕಡಿಮೆ, ಮಾತು ಹೆಚ್ಚು ಎಂಬುದು ಕಾರಣವಿರಬಹುದು. ನನಗೆ ತೋರುವಂತೆ ಮಾತೇ ಘಟನೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿ ಮುಳುಗಿದ್ದ ಮುಕ್ತಾಯಕ್ಕನ ಬಳಿಗೆ ಅಲ್ಲಮಪ್ರಭುಗಳು ಬಂದರು. ಬಂದವರು ದೊಡ್ಡವರೆಂದು ಆಕೆ ತಲೆಬಾಗಿ ಸುಮ್ಮನಾಗಲಿಲ್ಲ. ಮಾತಿಗೆ ಮಾತು ಕೊಟ್ಟು, ಅರಿವಿನ ಮಾತನಾಡುವ ನೀನು ಮಾತಿನ ಆಚೆಗೆ ಹೋಗಿರುವೆಯಾ ಎಂದು ಪ್ರಭುವನ್ನೇ ಪರೀಕ್ಷಿಸಿದಳು. ಅಳುವ ಹೆಂಗಸೂ ಆಲೋಚಿಸುವ ಹೆಂಗಸೂ ಒಬ್ಬಳೇ ಆಗಿರಬಹುದೆಂದು ಹುಡುಗಿಯರಿಗೆ ತೋರಿಸುವ ಚಿತ್ರ ಇದಕ್ಕಿಂತ ಬೇರೆಲ್ಲಿ ಸಿಕ್ಕೀತು? ಮೋಳಿಗೆಯ ಮಹಾದೇವಿಯಾದರೋ ಕಾಶ್ಮೀರದ ರಾಣಿಯಾಗಿದ್ದು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವವನ ಹೆಂಡತಿಯಾಗಿ ಬಾಳಿದಳೆಂದು ಪುರಾಣಗಳು ಹೇಳುತ್ತವೆ. ಗಂಡ ಮಾರಯ್ಯನಿಗೆ ಐಕ್ಯದ ಹಂಬಲ ಹೆಚ್ಚಿ ಬೇರೊಂದು ನೆಲೆಯನ್ನು ಅರಸತೊಡಗಿದಾಗ, ಇಲ್ಲಿಯೇ ಇಲ್ಲದ ಕೈಲಾಸ ಇನ್ನೆಲ್ಲಿಯದೆಂದು ತಿದ್ದಿದವಳು ಈಕೆ. ರಾಣಿಯ ಉಡುಗೆಯಲ್ಲಿ ಈಕೆಯನ್ನು ಬರೆಯಬಾರದು. ತಲೆಯ ಮೇಲೆ ಕಟ್ಟಿಗೆಯ ಹೊರೆಯಿರುವಂತೆ ಬರೆಯಬೇಕು.

ಕೊನೆಯದಾಗಿ ಬಳಕೆಯ ಬಗ್ಗೆ ಎರಡು ಮಾತು. ಈ ಪುಸ್ತಕಗಳನ್ನು ಹೆಣ್ಣುಮಕ್ಕಳಿಗೆಂದು ಕೊಂಡು ತಂದರೂ ಗಂಡುಮಕ್ಕಳ ಕೈಗೂ ಕೊಡಬೇಕು. ಲಕ್ಕಮ್ಮನನ್ನು ಓದದೆ ಬೆಳೆದ ಹುಡುಗ ನಾಳೆ ಅವಳಂಥವಳ ಗಂಡನಾದಾಗ ಚೀಲವನ್ನು ಹೊತ್ತು ಹಿಂದಿರುಗುವುದನ್ನು ಕಲಿತಿರುವುದಿಲ್ಲ. ಲಿಂಗದೀಕ್ಷೆಯ ದಿನ, ಹುಟ್ಟುಹಬ್ಬದ ದಿನ ಬೆಳ್ಳಿಯ ಸಾಮಾನನ್ನು ಕೊಡುವ ಬಂಧುಗಳು ಜೊತೆಗೆ ಒಂದು ಪುಸ್ತಕವನ್ನೂ ಕೊಡಬಹುದು. ಅಜ್ಜಿಗೆ ಓದು ಬಾರದಿದ್ದರೆ ಮೊಮ್ಮಗಳು ಓದಿ ಹೇಳಲಿ. ಆ ಅಜ್ಜಿಯರ ಬಾಯಲ್ಲಿ ಯಾವ ಸಂಪುಟದಲ್ಲಿಯೂ ಇಲ್ಲದ ಶರಣೆಯರ ಕಥೆಗಳಿರುತ್ತವೆ, ಅವನ್ನು ಹುಡುಗಿ ಕೇಳಿಸಿಕೊಳ್ಳಲಿ. ಪುಸ್ತಕವನ್ನು ದೇವರ ಜಗಲಿಯ ಮೇಲೆ ಇಡುವುದು ಬೇಡ. ಅಲ್ಲಿ ಇಟ್ಟರೆ ಕೈ ತೊಳೆದು, ಅಪ್ಪಣೆ ಕೇಳಿ ಮುಟ್ಟಬೇಕಾಗುತ್ತದೆ. ಮಗುವಿನ ಕೈಗೆ ಸಿಗುವಲ್ಲಿ, ಪಾಟಿಚೀಲದ ಪಕ್ಕದಲ್ಲಿ ಇರಲಿ. ಮೂಲೆ ಮಡಿಚಿದರೂ, ಸತ್ಯಕ್ಕನ ಸೀರೆಗೆ ಮಗು ತನಗೆ ಬೇಕಾದ ಬಣ್ಣ ಬಳಿದರೂ ಗದರಿಸದಿರಿ.